ತಾಪಮಾನದ ಹಾಳೆ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ಮಾಲು ಅಂಗೈಯಗಲದ ಒಂದು ಚೀಲ.

"ಒಳಗೇನಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ನಿಯಂತ್ರಕ ಟಿ ಕೋಶಗಳು," ಎಂದರು ಆಸ್ಪತ್ರೆಯ ವೈದ್ಯೆ. "ರಕ್ತದ ಕ್ಯಾನ್ಸರಿರೋ ಹುಡುಗಿಗೆ ಅವಳ ಅಕ್ಕನ ಕಾಂಡಕೋಶ ಕಸಿ ಮಾಡ್ತಿದ್ದೀವಿ. ಅಕ್ಕನ ರಕ್ತದ ಸೈನಿಕರು ತಂಗಿ ಮೈಯನ್ನೇ ಶತ್ರು ಅಂದ್ಕೊಂಡು ಮೇಲೆ ಬೀಳಬಹುದು. ಅವರನ್ನ ತಡೆದು ನಿಲ್ಲಿಸೋದು ಅಕ್ಕನ ರಕ್ತದಿಂದಲೇ ಬೇರ್ಪಡಿಸಿದ ಈ ಕೋಶಗಳು. ಇವತ್ತು ಸಂಜೆ ನಾಲ್ಕು ಗಂಟೆ ದಾಟಿದ್ರೆ ಸಾಯ್ತವೆ."

"ಹಾಗಾದ್ರೆ ನಮ್ಮ ಇಲಾಖೆಯವೇ," ಎಂದ ದಫೇದಾರ. ಬೋಳಿಸಿ ಹತ್ತು ವರ್ಷವಾದರೂ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮೀಸೆ ಎಂದೇ.

ಎಫ್‌ಐಆರ್ ದಾಖಲಾಯಿತು. 10.40ಕ್ಕೆ ಪ್ರಯೋಗಾಲಯದಲ್ಲಿ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಚೀಲದೊಡನೆ ತಂಪುಪೆಟ್ಟಿಗೆ, ಅರ್ಧ ಗಂಟೆಗೊಮ್ಮೆ ತಾಪಮಾನ ಬರೆಯುವ ಹಾಳೆ ಎರಡೂ ಮಾಯ.

ಹಾಳೆ ತೂಗುತ್ತಿದ್ದ ಕೊಕ್ಕೆಯ ಮೇಲೆ ಇನ್‌ಸ್ಪೆಕ್ಟರರ ಕಣ್ಣು ನೆಟ್ಟಿತು. ಹಾಳುಮಾಡಲು ಬಂದವನಿಗೆ ಹಾಳೆಯೇಕೆ?

"ಇದನ್ನ ಬರೆಯೋರು ಯಾರು?"

"ಪೆಟ್ಟಿಗೆ ಸಾಗಿಸೋ ಅಣ್ಣ," ಎಂದರು ವೈದ್ಯೆ. "ಒಂದು ಸಲಾನೂ ತಪ್ಪಿಸಿದವರಲ್ಲ. ಇವತ್ತು ರಜೆ. ಅವರ ಹೆಂಡತಿಗೂ ಕಸಿ ಆಗಿದೆ. ಆಕೆಯ ತಮ್ಮನಿಂದ ಬಂದ ಕೋಶಗಳು ಈಗ ಆಕೆಯ ಚರ್ಮಾನೇ ತಿಂತಿವೆ."

ವಿಳಾಸ ಹಳೆಯದಾಗಿತ್ತು. ಮೂರು ಬೀದಿ ಅಲೆದು ಬಾಗಿಲು ತಟ್ಟುವಾಗ 1.30. ಮಂಚದ ಮೇಲೆ ಕೈಗೆಲ್ಲ ಪಟ್ಟಿ ಸುತ್ತಿಕೊಂಡ ಹೆಂಗಸು, ಕೆಳಗೆ ಪೆಟ್ಟಿಗೆ, ಪೆನ್ನು ಹಿಡಿದು ಕುಳಿತ ಗಂಡ.

"ಒಂದ್ನಿಮಿಷ ಸಾರ್," ಎಂದವನೇ ತಾಪಮಾನ ಓದಿ, ಬರೆದು, ಹಾಳೆ ಒಪ್ಪಿಸಿದ.

"ಕೋಶಗಳನ್ನ ಇವರಿಗೆ ಯಾಕೆ ಏರಿಸ್ಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಇವಳು ಕೈ ಕೊಡ್ತಿಲ್ಲ."

"ಯಾರದ್ದೋ ಮನೆ ಮಗೂದು ಅಂದೆ," ಹೆಂಗಸು ಗದರಿದಳು. "ಬೆಳಿಗ್ಗೆಯಿಂದ ವಾಪಸ್ ಕೊಟ್ ಬನ್ನಿ ಅಂತ ಬಾಯಿ ಬಡ್ಕೊಂಡೆ!"

"ಸೀಲ್ ಹಾಕ್ಲಾ ಸಾರ್?" ಮೀಸೆ ಕೇಳಿದ.

"ಹಾಕಿದ್ರೆ ಮಾಲು ಉಳಿಯುತ್ತೆ, ಹುಡುಗಿ ಉಳಿಯಲ್ಲ. ಫೋಟೋ ತೆಗಿ, ಪಂಚನಾಮೆ ಬರಿ, ಡಾಕ್ಟರಿಂದ ರಸೀದಿ ತಗೋ. ಓಡು!"

2.20ಕ್ಕೆ ವೈದ್ಯೆ ಹಾಳೆಯ ಮೇಲೆ ಬೆರಳಾಡಿಸಿದರು. ಎಂಟೂವರೆಯಿಂದ ಹನ್ನೊಂದು ಸಾಲು. ಒಂದು ಡಿಗ್ರಿಯೂ ಅತ್ತಿತ್ತ ಇಲ್ಲ. ಆದರೂ ಹನಿ ತೆಗೆದು ಪರೀಕ್ಷಿಸಿದರು. ಕೋಶಗಳು ಜೀವಂತ! 3.35ಕ್ಕೆ ಅವು ತಂಗಿಯ ರಕ್ತನಾಳಕ್ಕಿಳಿದಾಗ ಅಕ್ಕ ಮೀಸೆಯ ಎರಡೂ ಕೈ ಹಿಡಿದು ಕಾರಿಡಾರಿನಲ್ಲೇ ಕುಣಿದುಬಿಟ್ಟಳು. ಅವನೂ ಎರಡು ಹೆಜ್ಜೆ ಹಾಕಿದ.

4.10ಕ್ಕೆ, ಪೆಟ್ಟಿಗೆಯ ಜೊತೆಗೇ ಕರೆತಂದಿದ್ದ ಗಂಡನ ಬಂಧನ, ಆಸ್ಪತ್ರೆಯಲ್ಲೇ.

"ಎಷ್ಟೋ ವರ್ಷದಿಂದ ಹೊತ್ತಿದ್ದೆಲ್ಲ ಬೇರೆಯವರ ಮನೆಗೇ ಸಾರ್," ಎಂದ ಆತ. "ಒಂದ್ಸಲ ನಮ್ಮನೆಗೂ ಅನ್ನಿಸ್ತು."

"ಆ ಕೋಶ ನಿಮ್ಮವರಿಗೆ ಹೊಂದ್ತಿರ್ಲಿಲ್ಲ ಅಣ್ಣ," ಎಂದರು ವೈದ್ಯೆ. "ಅವರ ತಮ್ಮನ್ನ ನಾಳೆ ಕಳಿಸಿ. ಇಂಥ ಕೋಶಗಳನ್ನ ಅವನ ರಕ್ತದಿಂದಲೇ ಬೇರ್ಪಡಿಸಿ ನೋಡೋಣ."

ಆತ ಮೊದಲ ಬಾರಿಗೆ ಅತ್ತ. ಇನ್‌ಸ್ಪೆಕ್ಟರ್ ಹಾಳೆಗೆ ಸಾಕ್ಷ್ಯ ಸಂಖ್ಯೆ ಒಂದು ಎಂದು ಬರೆದು, ಅದರ ಕೆಳಗೆ ಸೇರಿಸಿದರು: ಆರೋಪಿಯ ಈ ದಾಖಲೆಯಿಂದಲೇ ರೋಗಿಗೆ ಚಿಕಿತ್ಸೆ ಸಾಧ್ಯವಾಯಿತು.