ಚಿಲಕವಿಲ್ಲದ ಬಾಗಿಲು

"ಏನ್ ಬೇಕಾದ್ರೂ ಮಾಡಪ್ಪ, ಈ ಬಾಗಿಲಿಗೆ ಚಿಲಕ ಮಾತ್ರ ಹಾಕ್ಬೇಡ," ಎಂದ ಹಳೆಯ ಕಾವಲುಗಾರ, ಒಲೆಯ ಬೂದಿ ಬಾಚುತ್ತಾ. "ಗಾಳಿ ಜೋರಾದ್ರೆ ಕಲ್ಲು ಒತ್ತಿಡು."

ಬೆಟ್ಟ ಹತ್ತುವವರು ತಂಗುವ ಆ ಗುಡಿಸಲಿಗೆ ಹೊಸದಾಗಿ ಬಂದ ಕಾವಲುಗಾರ ನಕ್ಕ. "ಹಾಕಿದ್ರೆ?"

"ಹಿಂದೆ ಇಲ್ಲಿದ್ದವನು ಹಿಮ ಬೀಳೋವಾಗ ಚಿಲಕ ಹಾಕ್ಕೊಂಡು, ಜಾಗ ಇಲ್ಲ, ಮುಂದಕ್ಕೆ ಹೋಗು ಅಂತ ಒಬ್ಬನ್ನ ಹೊರಗೇ ನಿಲ್ಲಿಸಿ ಕೊಂದ. ಸತ್ತವನ ತಾಯಿ ಬಂದು ತನ್ನ ಕೂದಲು ಸುಟ್ಟು ಹೊಸ್ತಿಲ ಕೆಳಗೆ ಹೂತು ಹೋದ್ಳು. ಚಿಲಕ ಹಾಕಿದವನು ತನ್ನವರನ್ನೇ ಕಳ್ಕೋತಾನೆ."

"ನಾಡಿದ್ದು ನನ್ನ ತಂಗಿ ಬರ್ತಾಳೆ. ಅವಳಿಗೂ ಈ ಕತೆ ಹೇಳ್ತೀನಿ, ನಗಲಿ."

ಹಳಬ ಬೆಟ್ಟ ಇಳಿದು ಹೋದ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ಹೊತ್ತು ಬಂದೀತು? ಆ ರಾತ್ರಿ ಗಾಳಿಗೆ ಒತ್ತಿಟ್ಟ ಕಲ್ಲೂ ಸರಿದು, ಬಾಗಿಲು ಬಡಿದು ಕಂಬಳಿಗಳ ಮೇಲೆಲ್ಲ ಹಿಮ ಬಿತ್ತು. ತಂಗಿ ಬಂದು ಒದ್ದೆಯಲ್ಲಿ ಮಲಗಬೇಕೇ? ಅಪ್ಪ ಅಮ್ಮ ಹೋದ ಮೇಲೆ ಅವನಿಗೆಂದು ಉಳಿದವಳು ಅವಳೊಬ್ಬಳೇ. ಎತ್ತಿ ಆಡಿಸಿ ಬೆಳೆಸಿದ್ದ. ಅವಳಿಗಾಗಿಯೇ ಚಿಲಕ ಜಡಿದ, ಮೂರ್ಖ. ಮೊಳೆ ಇಳಿಯುವಾಗ ಕೂದಲು ಸುಟ್ಟ ವಾಸನೆ ಬಂತು. ಒಲೆಯದಿರಬೇಕೆಂದುಕೊಂಡ.

ಮೂರನೆಯ ದಿನ ಮಧ್ಯಾಹ್ನವೇ ಮಂಜು ಕವಿದು ಕಿಟಕಿಯಾಚೆ ಏನೂ ಕಾಣದಾಯಿತು. ಮತ್ತೆ ಅದೇ ವಾಸನೆ, ಈ ಸಲ ಉಸಿರು ಕಟ್ಟುವಷ್ಟು. ಬಾಗಿಲು ಸದ್ದಾಯಿತು.

"ಅಣ್ಣಾ, ನಾನು. ತೆಗಿ."

ಓಡಿದ. ಎಳೆದ. ಚಿಲಕ ಅಲುಗಲಿಲ್ಲ. ಸುತ್ತಿಗೆಯಿಂದ ಬಡಿದ. ಬೆರಳ ತುದಿ ಒಡೆದು ರಕ್ತ ಬಂತು.

"ಅಣ್ಣಾ, ಕೈಕಾಲು ಮರಗಟ್ತಿದೆ."

ಬಂದೆ ಪುಟ್ಟಿ, ಎನ್ನಲು ಬಾಯಿ ತೆರೆದ. ನಾಲಿಗೆ ತಾನೇ ಹೊರಳಿತು.

"ಜಾಗ ಇಲ್ಲ. ಮುಂದಕ್ಕೆ ಹೋಗು."

ಅವನದೇ ದನಿ. ಹೊರಗೆ ಗಾಳಿಯೂ ನಿಂತಂತಾಯಿತು.

"ತಮಾಷೆ ಮಾಡ್ಬೇಡ ಅಣ್ಣ. ನನಗೆ ಹೆದರಿಕೆ ಆಗ್ತಿದೆ."

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಮತ್ತೆ ಹೊರಬಿತ್ತು. ಇನ್ನೂ ಗಟ್ಟಿಯಾಗಿ. ಇನ್ನೂ ಒರಟಾಗಿ.

ಹೆಜ್ಜೆಗಳು ದೂರ ಸರಿದವು. ಆಗ ಚಿಲಕ ಬೆರಳು ಸೋಕಿದ್ದಕ್ಕೇ ಜಾರಿ ತೆರೆದುಕೊಂಡಿತು.

ಬರಿಗಾಲಲ್ಲಿ ಹೊರಗೆ ಧಾವಿಸಿದ. ಮಂಜಿನಲ್ಲಿ ಅವಳ ಬೆನ್ನು ಕಂಡಿತು. ಅವಳು ಹೊರಟಿದ್ದ ಕಡೆ ದಾರಿಯಿಲ್ಲ, ಬರೀ ಪ್ರಪಾತ. ಒಮ್ಮೆ ಕೂಗಿದರೆ ನಿಂತಾಳು. ಜೀವವನ್ನೆಲ್ಲ ಗಂಟಲಿಗೆ ತಂದು ಕೂಗಿದ.

"ಹೋಗು ಅಂದೆನಲ್ಲ!"

ಅವಳು ತಿರುಗಿ ನೋಡಿದಳು. ಅಣ್ಣನ ಮಾತು ಮೀರಿ ಗೊತ್ತಿಲ್ಲದ ಹುಡುಗಿ. ಕಣ್ಣೊರೆಸಿಕೊಂಡು ಮುಂದಕ್ಕೆ ನಡೆದಳು.