ಚೆಪಾಕ್‌ನ ಬಿಸಿಲು

“ಹೂಂ” ಎಂಬ ಒಂದೇ ಮಾತಿನಿಂದ ಎಲ್ಲ ಶುರುವಾಯಿತು.

ತಿಪಟೂರಿನ ಬಸವರಾಜಪ್ಪನವರ ಮಂಡಿಯಲ್ಲಿ ಅಂದು ದೆಹಲಿಗೆ ಕೊಬ್ಬರಿ ಲೋಡ್ ಆಗುತ್ತಿತ್ತು. ಲಾರಿಯ ಡ್ರೈವರ್, ಹಂದನಕೆರೆಯ ರವಿಕಿರಣ್, ಚೀಲಗಳ ಪಕ್ಕ ನಿಂತು ಟೀ ಕುಡಿಯುತ್ತಿದ್ದ. ಬಸವರಾಜಪ್ಪನವರ ಮಗಳು ಸೌಮ್ಯ ಅಪ್ಪನ ಕುರ್ಚಿಯಲ್ಲಿ ಕೂತು ಮೊಬೈಲ್‌ನಲ್ಲಿ ಟೆಸ್ಟ್ ಮ್ಯಾಚ್ ನೋಡುತ್ತಿದ್ದಳು. ತುರುವೇಕೆರೆಯ ಕಾಲೇಜಿನಲ್ಲಿ ಗಣಿತ ಕಲಿಸುವ, ಹೆಚ್ಚು ಮಾತಾಡದ ಹುಡುಗಿ. ವಿಕೆಟ್ ಬಿದ್ದದ್ದೇ ಅವಳ ಮುಷ್ಟಿ ಗಾಳಿಗೆ ಹಾರಿತು.

ರವಿಕಿರಣ್‌ಗೆ ತಡೆಯಲಾಗಲಿಲ್ಲ. “ಫೋನಲ್ಲೇನು ಕೇಳ್ತದೆ ಮೇಡಂ? ಈಡನ್ ಗಾರ್ಡನ್ಸ್‌ನಾಗೆ ವಿಕೆಟ್ ಬಿದ್ದಾಗ ಕೇಳ್ಬೇಕು. ಮೊದ್ಲು ಒಂದು ಗಳಿಗೆ ಎಲ್ಲ ಸುಮ್ಕಾಯ್ತದೆ. ಆಮೇಲೆ ನೆಲದೊಳಗಿಂದ ಎದ್ದಂಗೆ ಒಂದು ಸದ್ದು. ಎದೇಲಿ ದಬ್ ಅಂತದೆ.”

ಅವಳು ತಲೆಯೆತ್ತಿದಳು. ಅಲ್ಲಿಯವರೆಗೆ ಅವನನ್ನು ಲಾರಿಯ ಒಂದು ಭಾಗದಂತೆ ನೋಡಿದ್ದ ಕಣ್ಣುಗಳು ಈಗ ಅವನ ಮುಖದ ಮೇಲೆ ನಿಂತವು. “ನೀವು ಈಡನ್‌ಗೆ ಹೋಗಿದೀರಾ?”

ಹೋಗಿದ್ದ. ಲಾರಿ ಖಾಲಿ ಮಾಡಿ, ಗೇಟಿನ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಒಂದು ಇಡೀ ಮಧ್ಯಾಹ್ನ ನಿಂತಿದ್ದ. ಒಳಗೆ ಕಾಲಿಟ್ಟಿರಲಿಲ್ಲ. ಅದನ್ನು ಹೇಳಲು ಹೊರಟರೆ ಆ ಕಣ್ಣುಗಳು ಮತ್ತೆ ಮೊಬೈಲ್‌ಗೆ ಇಳಿದುಬಿಡುತ್ತವೆ ಅನ್ನಿಸಿತು.

“ಹೂಂ” ಅಂದ.

ಅವಳು ಅವನ ನಂಬರನ್ನು ‘ಈಡನ್’ ಎಂದೇ ಸೇವ್ ಮಾಡಿಕೊಂಡಳು.

ಆಮೇಲೆ ಲೋಡ್ ಎಲ್ಲಿಗೆ ಹೋದರೂ ಅವನಿಂದ ಅವಳಿಗೊಂದು ಫೋನ್ ಬರತೊಡಗಿತು. ಕಾನ್ಪುರದಿಂದ, ದೆಹಲಿಯಿಂದ, ಮೊಹಾಲಿಯಿಂದ. ಹೊರಗೆ ನಿಂತು ಕೇಳಿದ್ದು ನಿಜ; ಒಳಗಿನ ಹುಲ್ಲು, ಮೆಟ್ಟಿಲು, ಪೆವಿಲಿಯನ್ ಎಲ್ಲ ಢಾಬಾದಲ್ಲಿ ಕೂತು ಯೂಟ್ಯೂಬ್‌ನಲ್ಲಿ ನೋಡಿದ್ದು. ಎರಡನ್ನೂ ಸೇರಿಸಿ ಹೇಳುತ್ತಿದ್ದ. ಆ ಕಡೆಯಿಂದ ಅವಳ ಉಸಿರು ಮಾತ್ರ ಕೇಳುತ್ತಿತ್ತು.

“ನಂಗ್ಯಾಕೆ ಇಷ್ಟೆಲ್ಲ ಹೇಳ್ತೀರಿ?” ಎಂದು ಒಂದು ದಿನ ಕೇಳಿದಳು.

“ಇನ್ಯಾರು ಕೇಳ್ತಾರೆ?”

“ಬರೀ ಕೇಳೋದೇನಾ? ಯಾವ ಗ್ರೌಂಡ್‌ಗೆ ಮೊದಲು ಕರ್ಕೊಂಡ್ ಹೋಗ್ತೀರಿ, ಅದನ್ನ ಹೇಳಿ.”

“ನೀವೇ ಹೇಳಿ” ಅಂದ. ಖುಷಿಗೆ ಅರ್ಧ, ಭಯಕ್ಕೆ ಅರ್ಧ.

ಕೊನೆಗೆ ಗ್ರೌಂಡ್ ಆಯ್ಕೆ ಮಾಡಿದ್ದು ಬಸವರಾಜಪ್ಪ. ಹುಡುಗನಾಗಿದ್ದಾಗಿನಿಂದ ರೇಡಿಯೋಗೆ ಕಿವಿಯಿಟ್ಟು ಟೆಸ್ಟ್ ಕೇಳಿದವರು. “ಚೆಪಾಕ್ ಜನ ಎದುರಾಳಿ ಆಟಕ್ಕೂ ಎದ್ದು ನಿಂತು ಚಪ್ಪಾಳೆ ತಟ್ತಾರಂತೆ ಕಣಮ್ಮ. ಅಂಥ ಜನದ ಮಧ್ಯೆ ಒಂದಿನ ಕೂರ್ಬೇಕು” ಎನ್ನುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಟೆಸ್ಟ್ ಎಂದು ಗೊತ್ತಾದಾಗ ಸೌಮ್ಯ ರವಿಕಿರಣ್‌ಗೆ ಫೋನ್ ಮಾಡಿದಳು.

“ಎಲ್ಲ ಗ್ರೌಂಡ್ ನೋಡಿರೋನು, ಅವನನ್ನೂ ಕರ್ಕೊಳೋಣ ಅಂದ್ರು ಅಪ್ಪ. ಮೂರು ಟಿಕೆಟ್ ತಗೋತೀನಿ. ಅವರಿಗೆ ಮಂಡಿನೋವು, ಬಿಸಿಲು ಆಗಲ್ಲ. ಯಾವ ಸ್ಟ್ಯಾಂಡ್ ಹೇಳಿ. ನಿಮಗೆ ಗೊತ್ತಲ್ಲ?”

ಆಗಲಾದರೂ ಹೇಳಬಹುದಿತ್ತು. ಅವನು ಮೊಬೈಲ್‌ನಲ್ಲಿ ಒಂದು ಫೋಟೋ ಹುಡುಕಿದ. ಚಾವಣಿ ಚೆನ್ನಾಗಿ ಕಾಣುತ್ತಿದ್ದ ಸ್ಟ್ಯಾಂಡ್‌ನ ಹೆಸರು ಹೇಳಿ, “ಕೆಳಗಿನ ಸಾಲು ತಗೊಳ್ಳಿ. ಹತ್ತೇ ಮೆಟ್ಟಿಲು. ದಿನಪೂರ್ತಿ ನೆಳ್ಳು” ಅಂದ.

ಚೆಪಾಕ್‌ನ ಒಳಗೆ ಹೋಗುವ ಕತ್ತಲ ದಾರಿ ಮುಗಿದು, ಇದ್ದಕ್ಕಿದ್ದಂತೆ ಆ ಹಸಿರು ಎದುರಾದಾಗ ರವಿಕಿರಣ್‌ನ ಕಾಲು ನಿಂತುಬಿಟ್ಟವು. ಟಿವಿಯಲ್ಲಿ ಕಂಡ ಹಸಿರಲ್ಲ ಅದು. ಈಗ ತಾನೇ ತೊಳೆದಿಟ್ಟ ಹಾಗಿತ್ತು. ಬಿಳಿ ಬಟ್ಟೆಯ ಆಟಗಾರರು ಚೆಂಡು ಹಿಡಿಯುವ ಸದ್ದೂ ಸಣ್ಣಗೆ ಕೇಳುತ್ತಿತ್ತು.

ಸೌಮ್ಯ ಪಕ್ಕಕ್ಕೆ ಬಂದು ಕಣ್ಣಂಚಿನಲ್ಲಿ ನಕ್ಕಳು. “ಏನ್ರೀ, ಮೊದಲ ಸಲ ನೋಡೋರ ಥರ ನಿಂತಿದೀರಲ್ಲ!”

ಅವನು ಕಣ್ಣು ತಪ್ಪಿಸಿ ಬಸವರಾಜಪ್ಪನವರ ತೋಳು ಹಿಡಿದುಕೊಂಡ. ಅವನು ಹೇಳಿದ್ದ ಹತ್ತು ಮೆಟ್ಟಿಲಲ್ಲ, ಮೂವತ್ತರ ಮೇಲಿದ್ದವು. ಚಾವಣಿಯ ನೆರಳು ಅವರ ತಲೆಯ ಮೇಲಿನ ಸಾಲುಗಳಿಗೇ ಮುಗಿದುಹೋಗಿತ್ತು. ಕೆಳಗಿನ ಸಾಲಿಗೆ ಬೆಳಗಿನಿಂದಲೇ ಬಿಸಿಲು.

“ಅಪ್ಪಾರೆ, ಮೇಲಕ್ಕೆ ಹೋಗಾನ” ಎಂದು ಮೂರು ಸಲ ಕರೆದ.

“ಬುಡಪ್ಪ, ಇಲ್ಲಿಂದ ಸ್ಪಿನ್ನರ್ ಬೆರಳು ಕಾಣ್ತದೆ” ಎಂದರು ಅವರು. ಕೈಯಲ್ಲಿದ್ದ ನೀರನ್ನೂ ಮರೆತು, ಅಪರಿಚಿತ ತಮಿಳರ ಜೊತೆ ತಮಗೆ ಬಾರದ ಭಾಷೆಯಲ್ಲಿ ಮಾತಾಡುತ್ತಿದ್ದರು. ಎದುರಾಳಿ ಬ್ಯಾಟ್ಸ್‌ಮನ್ ಒಬ್ಬ ಐವತ್ತು ಹೊಡೆದಾಗ ಸುತ್ತಲಿನವರ ಜೊತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಮುಖ ನೋಡಿ ಸೌಮ್ಯಳ ಕಣ್ಣು ತುಂಬಿದವು. ಯಾರಿಗೂ ಕಾಣದಂತೆ ರವಿಕಿರಣ್‌ನ ಕಿರುಬೆರಳನ್ನು ಹಿಡಿದು ಒತ್ತಿದಳು. ಅವನಿಗೆ ಆ ಬೆರಳು ಕತ್ತರಿಸಿ ಕೊಟ್ಟುಬಿಡೋಣ ಅನ್ನಿಸಿತು.

ಊಟದ ನಂತರ ಬಸವರಾಜಪ್ಪ ಬಾತ್‌ರೂಮಿಗೆಂದು ಎದ್ದವರು ಮೆಟ್ಟಿಲ ಮೇಲೆ ಕುಸಿದರು. ಬಲಗೈ ದೇಹದ ಅಡಿಗೆ ಸಿಕ್ಕಿತು.

ರವಿಕಿರಣ್ ಅವರನ್ನು ಎತ್ತಿಕೊಂಡೇ ಇಳಿದ. ಮೈ ಕೆಂಡವಾಗಿತ್ತು. ಹಿಂದೆ ಯಾವುದಕ್ಕೋ ಇಡೀ ಸ್ಟೇಡಿಯಂ ಕೂಗಿತು. ಅವನು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್. ಜೀವಕ್ಕೆ ತೊಂದರೆಯಿರಲಿಲ್ಲ. ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಊರಿಗೆ ಬಂದ ದಿನ ಬಸವರಾಜಪ್ಪನವರ ಅಕ್ಕ ಗುರುಸಿದ್ದಮ್ಮ ಬಾಗಿಲಲ್ಲೇ ಕಾದಿದ್ದರು. ರವಿಕಿರಣ್ ಬ್ಯಾಗು ಹಿಡಿದು ಹಿಂದೆ ನಿಂತಿದ್ದ.

“ಏನೇ ಸೌಮ್ಯ, ಬುದ್ಧಿ ಐತೇನೆ ನಿಂಗೆ? ವಯಸ್ಸಾದೋನ್ನ ಬಿಸ್ಲಲ್ಲಿ ಕೂರ್ಸಿದ್ಯಲ್ಲ! ಆ ಜಾಗ ಯಾರೇ ಆರ್ಸಿದ್ದು?”

ಸೌಮ್ಯ ಒಂದು ಕ್ಷಣವೂ ತಡೆಯಲಿಲ್ಲ. “ನಾನೇ, ಅತ್ತೆ. ಟಿಕೆಟ್ ತಗೊಂಡಿದ್ದು ನಾನೇ.”

ಅವನ ಕಡೆ ಅವಳು ನೋಡಲೂ ಇಲ್ಲ. ಅವನನ್ನು ಕಾಪಾಡುತ್ತಿದ್ದಳು. ಅವನು ಬ್ಯಾಗು ಕೆಳಗಿಟ್ಟು, ಬಾಯಿ ತೆರೆಯದೆ, ಬಂದುಬಿಟ್ಟ.

ಅಲ್ಲಿಂದ ಐದು ವಾರ ಅವನು ಲಾರಿಯಲ್ಲೇ ಬದುಕಿದ. ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. “ದಿನಾ ತುತ್ತು ಮಾಡಿ ತಿನ್ಸ್ತೀನಿ. ಅಪ್ಪ ಏನೂ ಅನ್ನಲ್ಲ. ಅದೇ ಕಷ್ಟ. ಆವತ್ತು ನಾನು ಇನ್ನೊಂದ್ಸಲ ವಿಚಾರಿಸ್ಬೇಕಿತ್ತು ಅಲ್ವಾ?” ಎಂದಳು ಒಮ್ಮೆ. ತನ್ನ ತಪ್ಪನ್ನು ಅವಳ ಬಾಯಲ್ಲಿ ಕೇಳಿ ಅವನು ಗಾಡಿ ಪಕ್ಕಕ್ಕೆ ಹಾಕಿ, ಚಕ್ರದ ನೆರಳಲ್ಲಿ ಕೂತ. ನಾಗಪುರ ಇನ್ನೂ ನಲವತ್ತು ಕಿಲೋಮೀಟರ್ ಇತ್ತು. ಊರಿಗೆ ಹೋದ ತಕ್ಷಣ ಹೇಳಿಬಿಡುತ್ತೇನೆ ಎಂದುಕೊಂಡ.

ತಿಪಟೂರು ಮುಟ್ಟಿದ ಬೆಳಗ್ಗೆ ಸ್ನಾನವನ್ನೂ ಮಾಡದೆ ಅವರ ಮನೆಗೆ ಹೋದ. ಜಗಲಿಯಲ್ಲಿ ಸೌಮ್ಯ ಅಪ್ಪನಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಳು. ಗುರುಸಿದ್ದಮ್ಮ ಅವರೆಕಾಯಿ ಬಿಡಿಸುತ್ತಿದ್ದರು.

“ಜಾಗ ಹೇಳಿದ್ದು ನಾನು” ಅಂದ. “ಸೌಮ್ಯ ಅವ್ರದ್ದು ತಪ್ಪಿಲ್ಲ. ನಾನು ಚೆಪಾಕ್ ನೋಡೇ ಇರ್ಲಿಲ್ಲ. ಈಡನ್ನೂ ಇಲ್ಲ, ಯಾವುದೂ ಇಲ್ಲ. ಎಲ್ಲಾ ಕಡೆ ಗೇಟಿನ ಹೊರಗೆ ನಿಂತು ಸದ್ದು ಕೇಳಿದೀನಿ, ಅಷ್ಟೆ. ಒಳಕ್ಕೆ ಹೋಗಿದ್ದು ನಿಮ್ ಜೊತೇಲೇ ಮೊದ್ಲು.”

ಸೌಮ್ಯಳ ಕೈಯ ತುತ್ತು ತಟ್ಟೆಗೆ ವಾಪಸು ಬಿತ್ತು. ಗುರುಸಿದ್ದಮ್ಮ, “ಅಯ್ಯೋ ಪಾಪಿ!” ಅಂದರು.

ಬಸವರಾಜಪ್ಪ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡರು. “ನನ್ ಕೈ ಕೂಡ್ಕಳ್ತದೆ. ನೀನು ಮೇಲಕ್ಕೆ ಕರೆದ್ರೂ ನಾನೇ ಬರ್ಲಿಲ್ಲ” ಎಂದರು. “ಆದ್ರೆ ನನ್ ಮಗಳು ಐದು ವಾರ ಎಲ್ಲರ ಕೈಲಿ ಬೈಸ್ಕಂಡ್ಲಲ್ಲಪ್ಪ. ಅದನ್ನ ನಾನು ಕ್ಷಮಿಸೋಕ್ಕಾಗಲ್ಲ. ಅವಳನ್ನ ಕೇಳು.”

ಸೌಮ್ಯ ಅವನ ಹಿಂದೆ ಗೇಟಿನವರೆಗೂ ಬಂದಳು. ಅತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

“ಹೊರಗೆ ನಿಂತು ಕೇಳಿದೆ ಅಂದಿದ್ರೆ ನಾನು ಪ್ರೀತಿಸ್ತಿರ್ಲಿಲ್ವಾ?”

“ಹೆದರ್ಕೊಂಡೆ.”

“ಸುಳ್ಳು ಹೇಳಿದ್ದು ಹೋಗ್ಲಿ ಅನ್ಬೋದು. ಅತ್ತೆ ಬೈವಾಗ ಅಲ್ಲೇ ನಿಂತಿದ್ರಲ್ಲ ರೀ. ಬ್ಯಾಗ್ ಹಿಡ್ಕೊಂಡು.”

ಅವಳು ಒಳಗೆ ಹೋದಳು.

ಎರಡು ತಿಂಗಳು ಫೋನ್ ಎತ್ತಲಿಲ್ಲ. ಅವನೂ ಮತ್ತೆ ಮತ್ತೆ ಮಾಡಲಿಲ್ಲ. ಅಷ್ಟಾದರೂ ಮರ್ಯಾದೆ ಉಳಿಸಿಕೊಂಡ.

ಜನವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ರಣಜಿ ಪಂದ್ಯವಿತ್ತು. ಟೆಸ್ಟ್ ನಡೆಯುವ ಅದೇ ಗ್ರೌಂಡು, ಟಿಕೆಟ್ಟಿನ ಗೊಡವೆಯಿಲ್ಲ, ಜನ ಬೆರಳೆಣಿಕೆ. ರವಿಕಿರಣ್ ಎರಡು ದಿನ ರಜೆ ಹಾಕಿ ಹೋದ. ಆಟ ಶುರುವಾದಾಗಿನಿಂದ ಜನರಿಗೆ ತೆರೆದಿದ್ದ ಕಡೆಯೆಲ್ಲ ಸೀಟಿನಿಂದ ಸೀಟಿಗೆ ನಡೆದ. ಪ್ರತಿ ಗಂಟೆಗೂ ಸೌಮ್ಯಳಿಗೆ ಒಂದು ಮೆಸೇಜ್.

‘ಹತ್ತೂವರೆ. ಇಲ್ಲಿ ನೆರಳು. ಮೆಟ್ಟಿಲು ಇಪ್ಪತ್ತಾರು, ಹಿಡಿದುಕೊಳ್ಳಲು ಕಂಬಿ ಇಲ್ಲ.’

‘ಹನ್ನೆರಡು. ನೆರಳು ಹೋಯಿತು. ನಾನು ಬೆಳಗ್ಗೆ ತಪ್ಪು ತಿಳಿದಿದ್ದೆ.’

‘ಎರಡು ಗಂಟೆ. ಈ ಕಡೆ ಹದಿನಾಲ್ಕು ಮೆಟ್ಟಿಲು, ಕಂಬಿ ಇದೆ. ಸಂಜೆವರೆಗೂ ಕೂತು ನೋಡಿ ಹೇಳುತ್ತೇನೆ.’

ಎಲ್ಲವನ್ನೂ ಅವಳು ಓದಿದ್ದು ಕಾಣುತ್ತಿತ್ತು. ನಾಲ್ಕರ ಮೆಸೇಜ್ ಹೋದ ಮೇಲೆ ಫೋನ್ ರಿಂಗಾಯಿತು.

“ಅಪ್ಪ ಕೇಳ್ತಿದಾರೆ. ಸ್ಕೋರ್ ಎಷ್ಟು?”

ಅವನು ಗಾಬರಿಯಿಂದ ಬೋರ್ಡ್ ಹುಡುಕಿದ. “ನೋಡ್ಲೇ ಇಲ್ಲ ರೀ. ಮೆಟ್ಲು ಎಣಿಸ್ತಿದ್ದೆ.”

ಆ ಕಡೆ ಒಂದು ಸದ್ದಾಯಿತು. ನಗುವೋ ಅಳುವೋ ಗೊತ್ತಾಗಲಿಲ್ಲ. “ನಾಳೆ ಶನಿವಾರ. ಬೆಳಗ್ಗೆ ಟ್ರೈನಿಗೆ ಬರ್ತೀನಿ. ಅಪ್ಪಂಗೆ ಹೇಳೇ ಬರ್ತಿರೋದು. ಕ್ಷಮಿಸ್ಬಿಟ್ಟೆ ಅಂತ ತಿಳ್ಕೋಬೇಡಿ.”

“ಇಲ್ಲ. ತಿಳ್ಕಳಲ್ಲ.”

ಮರುದಿನ ಅವಳು ಹನ್ನೊಂದಕ್ಕೆ ಬಂದಳು. ಅವನ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗಿಟ್ಟು, ಅದರಾಚೆಯ ಸೀಟಿನಲ್ಲಿ ಕೂತಳು. ಬ್ಯಾಟಿಗೆ ಚೆಂಡು ತಾಗುವ ಸದ್ದು ಖಾಲಿ ಸ್ಟ್ಯಾಂಡುಗಳಲ್ಲಿ ತಿರುಗುತ್ತಿತ್ತು.

“ಆ ಫೀಲ್ಡರ್‌ನ ಯಾಕೆ ಅಲ್ಲಿ ನಿಲ್ಸಿದಾರೆ?” ಎಂದು ಕೇಳಿದಳು, ಮೈದಾನದಿಂದ ಕಣ್ಣು ತೆಗೆಯದೆ.

“ನಂಗೊತ್ತಿಲ್ಲ” ಅಂದ ರವಿಕಿರಣ್.

ಸೌಮ್ಯ ಮೊದಲ ಬಾರಿಗೆ ಅವನ ಕಡೆ ತಿರುಗಿದಳು. ಪೂರ್ತಿಯಾಗಿ, ಬಹಳ ಹೊತ್ತು ನೋಡಿದಳು. ಆಮೇಲೆ ನಡುವಿದ್ದ ಬ್ಯಾಗನ್ನೆತ್ತಿ ಕಾಲ ಬಳಿ ಇಟ್ಟುಕೊಂಡು, “ಬನ್ನಿ ಈ ಕಡೆ. ಹೇಳ್ಕೊಡ್ತೀನಿ” ಅಂದಳು.