ನನ್ನ ಹೆಸರಿಗೆ ಓಗೊಟ್ಟವನು

ಮನಸ್ಸು ಕೆಟ್ಟಿದ್ದ ಕಾಲದಲ್ಲಿ ನಾನು ಕಿಂಗ್‌ಸ್ಟನ್ನಿನ ಒಂದು ಅಂಗಡಿಯ ಗಾಜು ಒಡೆದೆ. ಬುದ್ಧಿ ನೆಟ್ಟಗಾದ ಮೇಲೆ ವಿಚಾರಣೆ ಎಂದು ಜೈಲಿಗೆ ಹಾಕಿದವರು ಇಪ್ಪತ್ತೊಂಬತ್ತು ವರ್ಷ ಇಟ್ಟುಕೊಂಡರು. ಮದ್ದಿನಿಂದ ಬುದ್ಧಿ ತಿಳಿಯಾದರೂ ಮಾತು ಮಾತ್ರ ಹೊರಡುತ್ತಿರಲಿಲ್ಲ. ಬೆಳಗಿನ ಹಾಜರಿಯಲ್ಲಿ ನನ್ನ ಹೆಸರು ಕೂಗಿದರೆ, ನನ್ನ ಎಡಕ್ಕೆ ನಿಲ್ಲುತ್ತಿದ್ದ ಜೊತೆಯ ಕೈದಿ ಕ್ಲೋವಿಸ್ ತೊದಲುತ್ತ ಓಗೊಡುತ್ತಿದ್ದ. "ಇ... ಇದ್ದೀನಿ ಸ್ವಾಮಿ. ಇವನ ಬಾಯಿ ರ... ರಜದಲ್ಲಿದೆ."

ಇಪ್ಪತ್ತೆಂಟನೇ ವರ್ಷ ಅವನು ಜ್ವರ ಬಂದು ಸತ್ತ.

ಮರುವರ್ಷ ನನ್ನನ್ನು ಕೋರ್ಟಿಗೆ ಕರೆದರು. ಹೆಸರಿಗೆ ಉತ್ತರ ಕೊಡದಿದ್ದರೆ ಮತ್ತೆ ಜೈಲೇ. "ಲಿನ್ವಲ್ ಯಾರಪ್ಪ?" ಎಂದರು ಜಡ್ಜ್. ನನ್ನ ಎಡತೋಳು ತಣ್ಣಗಾಯಿತು. ಕ್ಲೋವಿಸ್ ಸದಾ ಅಗಿಯುತ್ತಿದ್ದ ಶುಂಠಿಯ ವಾಸನೆ ಬಂತು.

"ಇ... ಇದ್ದೀನಿ ಸ್ವಾಮಿ."

ಜಡ್ಜ್ ತಲೆದೂಗಿ ಬರೆದುಕೊಂಡರು. ಅಂದೇ ಬಿಟ್ಟರು.

ಮನೆಗೆ ಹೋಗುವ ಬಸ್ಸಿನಲ್ಲಿ, ಕೋರ್ಟಿಗೆ ಬಂದಿದ್ದ ಅಕ್ಕ ಐಯೊನಿ ಕೇಳಿದಳು, "ಯಾವಾಗಿಂದ ತೊದಲ್ತೀಯೋ ನೀನು?" ನಾನು ಕೋರ್ಟಿನಲ್ಲಿ ಬಾಯಿ ತೆರೆದೇ ಇರಲಿಲ್ಲ.

ಈಗ ನನಗೆ ಮಾತು ಬರುತ್ತದೆ. ಅಕ್ಕ ಸುಟ್ಟುಕೊಡುವ ದೀವಿಹಲಸು ತಿಂದುಕೊಂಡು ನೆಮ್ಮದಿಯಾಗಿದ್ದೇನೆ. ಬೆಳಿಗ್ಗೆ ಅವಳು ಒಳಗಿನಿಂದ ಟೀಗೆ ನನ್ನ ಹೆಸರು ಕೂಗಿದರೆ ನಾನು ಓಗೊಡಲು ಅವಸರ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತೇನೆ.

"ಇನ್ನೂ ಸ್ವಾಮಿ ಅಂತೀಯಲ್ಲೋ," ಎಂದು ಅಕ್ಕ ನಗುತ್ತಾಳೆ. "ನಾನೇನು ನಿನ್ನ ಜೈಲರಾ?"